ಗದ್ದ ಸ್ವಲ್ಪ ಕೆಳಕ್ಕೆ, ಸ್ವಾಮಿ!

ತಾಲ್ಲೂಕು ಕಚೇರಿಯುಳ್ಳ ಯಾವ ಊರಿಗೆ ಹೋದರೂ ಅಲ್ಲಿ ಅಮಲ್ದಾರರಿಗೇ ಅಪ್ಪಣೆ ಮಾಡಬಲ್ಲ ವ್ಯಕ್ತಿ ಒಬ್ಬರಾದರೂ ಇರುತ್ತಾರೆ. ಅವರು ಡೆಪ್ಯುಟಿ ಕಮಿಷನರೂ ಅಲ್ಲ, ಶಾಸನಸಭೆಯ ಸದಸ್ಯರೂ ಅಲ್ಲ. ಬಸ್ ಸ್ಟ್ಯಾಂಡಿನ ಎದುರು, ಕಾಫಿ ಹೋಟೆಲಿನ ಮೇಲಣ ಮಹಡಿಯಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ಫೋಟೋ ರಾಯರು. ಯಾರ ಎದುರಿನಲ್ಲಿ ದಫೇದಾರನು ಕೈಕಟ್ಟಿ ನಿಲ್ಲುವನೋ, ಯಾರ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಶ್ಯಾನುಭೋಗರು ಎರಡು ಸಲ ಗಂಟಲು ಸರಿಪಡಿಸಿಕೊಳ್ಳುವರೋ, ಅಂಥ ಅಧಿಕಾರಿಯು ವರ್ಗವಾಗಿ ಹೊರಡುವ ಮುನ್ನಾದಿನ ಬೀಳ್ಕೊಡುಗೆಯ ಫೋಟೋಕ್ಕೆಂದು ಕುಳಿತಾಗ, ರಾಯರು ನೆಟ್ಟಗೆ ಹತ್ತಿರ ಬಂದು, ಎರಡು ಬೆರಳುಗಳಿಂದ ಆ ಗದ್ದವನ್ನು ಹಿಡಿದು, "ಇಷ್ಟು ಕೆಳಕ್ಕೆ, ಸ್ವಾಮಿ. ಅಲ್ಲಾಡಕೂಡದು" ಎಂದು ತಿರುಗಿಸಿಬಿಡುತ್ತಾರೆ. ಅಮಲ್ದಾರರು ಅಲ್ಲಾಡುವುದಿಲ್ಲ. ಆ ತಾಲ್ಲೂಕಿನ ಸರ್ಕಾರವೇ ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕುಳಿತಿರುತ್ತದೆ.

ಇಂಥ ಪದವಿಗೆ ತಕ್ಕ ಆಕೃತಿಯನ್ನು ದೇವರು ಅವರಿಗೆ ದಯಪಾಲಿಸಲಿಲ್ಲ. ವರ್ಷಾನುಗಟ್ಟಲೆ ಕರಿಯ ಬಟ್ಟೆಯೊಳಗೆ ತಲೆ ಹುದುಗಿಸಿ ಬಗ್ಗಿ ನಿಂತದ್ದರಿಂದ ಬೆನ್ನು ನೆಟ್ಟಗಾಗುವುದನ್ನೇ ಮರೆತಿದೆ. ಡೆವಲಪರಿನಲ್ಲಿ ಅದ್ದಿ ಅದ್ದಿ ಬಲಗೈಯ ಉಗುರುಗಳು ಅಡಕೆಯ ಚೊಗರಿನ ಬಣ್ಣಕ್ಕೆ ತಿರುಗಿವೆ. ಪಂಚೆ, ಕ್ಲೋಸ್ ಕಾಲರಿನ ಕೋಟು, ಕೋಟಿನ ಮೇಲುಜೇಬಿನಲ್ಲಿ ಸದಾ ಒಂದು ಬಾಚಣಿಗೆ. ಅದು ಗಿರಾಕಿಗಳ ಸೇವಾರ್ಥವಾಗಿ ಇರತಕ್ಕದ್ದು, ರಾಯರ ಸ್ವಂತ ತಲೆಯಲ್ಲಿ ಅದಕ್ಕೆ ಕೆಲಸ ಉಳಿದಿಲ್ಲ. ದಾರಿಯಲ್ಲಿ ಎದುರಾದವರ ಕ್ಷೇಮಸಮಾಚಾರವನ್ನು ವಿಚಾರಿಸುವ ಪದ್ಧತಿ ಅವರದಲ್ಲ. ಕತ್ತನ್ನು ಒಂದಿಷ್ಟು ವಾಲಿಸಿ, ಒಂದು ಕಣ್ಣನ್ನು ಕಿರಿದುಮಾಡಿ, ನಿಮ್ಮ ಮೂಗಿನ ಮೇಲೆ ಬಿದ್ದಿರುವ ಬಿಸಿಲನ್ನು ಪರಿಶೀಲಿಸಿ, "ತಮಗೆ ಬಲಮಗ್ಗುಲೇ ವಾಸಿ" ಎಂದು ತೀರ್ಪುಕೊಟ್ಟು ಮುಂದೆ ಸಾಗುತ್ತಾರೆ. ಎಡಮಗ್ಗುಲು ಮಾಡಿದ ಅಪರಾಧವೇನೆಂದು ಚಿಂತಿಸುತ್ತ ನೀವು ಮನೆಗೆ ಬಂದು ಕನ್ನಡಿಯ ಮುಂದೆ ನಿಲ್ಲಬೇಕಾಗುತ್ತದೆ.

ಸ್ಟುಡಿಯೋ ಎಂದರೆ ಒಂದು ಉದ್ದನೆಯ ಕೊಠಡಿ. ಉತ್ತರ ದಿಕ್ಕಿನ ಸೂರಿನಲ್ಲಿ ಹೆಂಚು ತೆಗೆಸಿ ಗಾಜು ಹಾಕಿಸಿದ್ದಾರೆ. ಉತ್ತರದ ಬೆಳಕು ದಿನವಿಡೀ ಒಂದೇ ಸಮನಾಗಿರುವುದು, ಮುಖದ ಮೇಲೆ ಕಟುವಾದ ನೆರಳನ್ನು ಚೆಲ್ಲದಿರುವುದು. ಊರಿಗೆ ಬಂದಿರುವ ವಿದ್ಯುಚ್ಛಕ್ತಿಯಾದರೋ ಗಿರಾಕಿಯು ಪೌಡರು ಹಚ್ಚಿಕೊಂಡು ಸಿದ್ಧನಾಗುವ ಕ್ಷಣಕ್ಕೆ ಸರಿಯಾಗಿ ಅಂತರ್ಧಾನವಾಗುವ ಸ್ವಭಾವದ್ದು. ಆದಕಾರಣ ರಾಯರು ಸೂರ್ಯನಾರಾಯಣನನ್ನೇ ನಂಬಿದ್ದಾರೆ. ಗೋಡೆಗೆ ಒಂದು ಪರದೆ: ಅಮೃತಶಿಲೆಯ ಮೆಟ್ಟಿಲುಗಳು, ಎರಡು ಕಂಬ, ಸರೋವರ, ಹಂಸ, ಹುಣ್ಣಿಮೆಯ ಚಂದ್ರ. ನಾಟಕದ ಕಂಪೆನಿಯೊಂದರಲ್ಲಿ ಪರದೆ ಬರೆಯುತ್ತಿದ್ದವನು ಸಂಬಳ ನಿಂತ ಕಾಲದಲ್ಲಿ ಬರೆದುಕೊಟ್ಟದ್ದಂತೆ. ನಿವೃತ್ತ ಹೆಡ್ ಮಾಸ್ತರರೂ, ಗದ್ದೆಯ ಕೆಲಸದಿಂದ ನೇರವಾಗಿ ಬಂದ ಗೌಡರ ದಂಪತಿಗಳೂ, ಚೌಲವಾದ ಬೋಳುತಲೆಯ ಮಗುವೂ ಈ ಹಂಸಸರೋವರದ ದಡದಲ್ಲಿಯೇ ವಿರಾಜಮಾನರಾಗಿದ್ದಾರೆ. ಊರಿನ ಕೆರೆ ಬತ್ತಿದ ವರ್ಷವೂ ಇಲ್ಲಿನ ನೀರು ಕಡಮೆಯಾದದ್ದಿಲ್ಲ.

ಪರದೆಗಿಂತಲೂ ಪ್ರಸಿದ್ಧವಾದದ್ದು ಮೊಳೆಗೆ ತೂಗುಹಾಕಿರುವ ಕರಿಯ ಕೋಟು. ಎಸ್.ಎಸ್.ಎಲ್.ಸಿ. ತೇರ್ಗಡೆಯಾಗಿ ಕೆಲಸಕ್ಕೆ ಅರ್ಜಿ ಹಾಕುವ ಹುಡುಗರಿಗೆಲ್ಲ ಅದೊಂದೇ ಕೋಟು, ಗಂಟು ಬಿಚ್ಚದೆ ಕಾಪಾಡಿಕೊಂಡು ಬಂದಿರುವ ಅದೊಂದೇ ಟೈ. ಬೆನ್ನಿನ ಹೊಲಿಗೆಯನ್ನು ಬಿಚ್ಚಿರುವುದರಿಂದ ಸ್ಥೂಲಕಾಯನಿಗೂ ಅದು ಸಾಲುತ್ತದೆ; ಬಡಕಲಾದವನಿಗೆ ಫಿಲಂ ಒಣಹಾಕುವ ಕ್ಲಿಪ್ಪುಗಳನ್ನು ಹಿಂದಿನಿಂದ ಸಿಕ್ಕಿಸಿ ಬಿಗಿಮಾಡುತ್ತಾರೆ. ಚಿತ್ರವು ಎದೆಯ ಮಟ್ಟಕ್ಕೇ ಮುಗಿಯುವುದರಿಂದ ಕೆಳಗೆ ಪಂಚೆಯಿದೆಯೋ ಪಟ್ಟಾಪಟ್ಟಿ ಚಡ್ಡಿಯಿದೆಯೋ ಸರ್ಕಾರಕ್ಕೆ ತಿಳಿಯುವಂತಿಲ್ಲ. ಬೆಂಗಳೂರಿನಲ್ಲಿ ಕುಳಿತು ಆ ಅರ್ಜಿಗಳನ್ನು ತಿರುವಿಹಾಕುವ ಗುಮಾಸ್ತರು, ಈ ತಾಲ್ಲೂಕಿನ ಯುವಕರೆಲ್ಲ ಒಬ್ಬನೇ ದರ್ಜಿಯ ಬಳಿ ಒಂದೇ ಅರಿವೆಯನ್ನು ಹೊಲಿಸುವರೆಂದು ಅವರ ಒಗ್ಗಟ್ಟನ್ನು ಮನಸ್ಸಿನಲ್ಲಿಯೇ ಮೆಚ್ಚಿಕೊಂಡಿರಬೇಕು.

ಕ್ಯಾಮರಾ ಅರ್ಧ ಪ್ಲೇಟಿನದು, ಎಂದರೆ 4¾ ಅಂಗುಲ ಅಗಲ 6½ ಅಂಗುಲ ಉದ್ದದ ಗಾಜು ಹಿಡಿಯತಕ್ಕದ್ದು. ತೇಗದ ಮೈ, ಹಿತ್ತಾಳೆಯ ತಿರುಗಣೆ, ನೆರಿಗೆ ನೆರಿಗೆಯಾದ ಚರ್ಮದ ತಿದಿ. ಹಿಂಬದಿಯ ಮಸುಕು ಗಾಜಿನ ಮೇಲೆ ಮೂಡುವ ಬಿಂಬವು ತಲೆಕೆಳಗಾಗಿರುವುದು ಮಸೂರದ ಧರ್ಮವಷ್ಟೆ. ಪುರಸಭೆಯ ಅಧ್ಯಕ್ಷರಿಂದ ಹಿಡಿದು ಮಠದ ಪಾರುಪತ್ಯಗಾರರವರೆಗೆ ಊರಿನ ಸಮಸ್ತ ಗಣ್ಯರನ್ನೂ ಕಾಲು ಮೇಲಾಗಿ ಕಂಡ ಪುರುಷರು, ಹೀಗಾಗಿ, ಇವರೊಬ್ಬರೇ. ಅಂಥ ದರ್ಶನದಿಂದ ಒಬ್ಬ ಮನುಷ್ಯನಿಗೆ ಎಷ್ಟು ವೈರಾಗ್ಯ ಉಂಟಾಗಬಹುದೋ ಅಷ್ಟೂ ಅವರಿಗೆ ಉಂಟಾಗಿದೆ. ಪ್ಯಾರಿಸ್ಸಿನ ಡಾಗೇರ್ ಮಹಾಶಯನು 1839ರಲ್ಲಿ ತನ್ನ ವಿಧಾನವನ್ನು ಲೋಕಕ್ಕೆ ತಿಳಿಸಿದ ಮೇಲೆ, ಮೊದಮೊದಲು ಬೆಳಕಿನ ಅಚ್ಚು ಬೀಳಲು ಬಹಳ ಹೊತ್ತು ಬೇಕಾಗುತ್ತಿದ್ದುದರಿಂದ, ಕುಳಿತವರ ತಲೆ ಅಲುಗದಂತೆ ಹಿಂದಿನಿಂದ ಕಬ್ಬಿಣದ ಇಕ್ಕುಳವನ್ನು ಕೊಡುತ್ತಿದ್ದರೆಂದು ಎಲ್ಲಿಯೋ ಓದಿದಂದಿನಿಂದ ರಾಯರು ಆ ಇಕ್ಕುಳಕ್ಕಾಗಿ ಹಂಬಲಿಸುತ್ತಿದ್ದಾರೆ. ಈಗಿನ ಪ್ಲೇಟಿಗೆ ಒಂದೆರಡು ಸೆಕೆಂಡು ಧಾರಾಳವಾಯಿತು. "ಆದರೆ ನೋಡಿ, ಮುಚ್ಚಳ ತೆಗೆದರೆ ಸಾಕು, ಇವರಿಗೆ ಆಗಲೇ ಮೂಗು ತುರಿಸುತ್ತೆ" ಎಂದು ನಿಟ್ಟುಸಿರಿಡುತ್ತಾರೆ.

ಫೋಟೋ ತೆಗೆಯುವುದು ಈ ವೃತ್ತಿಯ ಸುಲಭಭಾಗ. ನಿಜವಾದ ಸೃಷ್ಟಿಕಾರ್ಯ ನಡೆಯುವುದು ಆಮೇಲೆ. ಕೆಂಪುದೀಪದ ಕತ್ತಲೆಕೋಣೆಯಲ್ಲಿ ಪ್ಲೇಟನ್ನು ಡೆವಲಪರಿನಲ್ಲಿ ಆಡಿಸಿ, ಹೈಪೋದಲ್ಲಿ ನೆನೆಸಿ, ಬಾವಿಯ ನೀರಿನಲ್ಲಿ ಜಾಲಿಸಿ ಒಣಗಿಸಿದ ತರುವಾಯ, ಇಳಿಜಾರು ಮೇಜಿನ ಮೇಲೆ ಅದನ್ನಿಟ್ಟು, ಕೆಳಗಿನ ಕನ್ನಡಿಯಿಂದ ಬೆಳಕು ಹಾಯಿಸಿ, ಮೊನೆಮಾಡಿದ ಪೆನ್ಸಿಲ್ ಹಿಡಿದು ರಾಯರು ಕುಳಿತರೆಂದರೆ ಬ್ರಹ್ಮಲಿಪಿಗೆ ತಿದ್ದುಪಡಿ ಆರಂಭವಾಯಿತೆಂದೇ ತಿಳಿಯಬೇಕು. ನೆಗೆಟಿವಿನಲ್ಲಿ ಕಪ್ಪುಬಿಳುಪುಗಳು ತಿರುಗುಮುರುಗಾಗಿರುವುದರಿಂದ ಸಿಡುಬಿನ ಕಲೆಯು ಅಲ್ಲಿ ತಿಳಿಯಾದ ಚುಕ್ಕೆಯಾಗಿ ಕಾಣುತ್ತದೆ. ಅದನ್ನು ಸೀಸದಿಂದ ತುಂಬಿಬಿಟ್ಟರೆ ಕಾಗದದ ಮೇಲೆ ಕಲೆ ಮಾಯ. ನರೆತ ಮೀಸೆ ಅಲ್ಲಿ ದಟ್ಟವಾಗಿರುತ್ತದೆ. ಕಿರುಚೂರಿಯಿಂದ ಹಗುರವಾಗಿ ಹೆರೆದರೆ ಮೀಸೆಗೆ ಪುನರ್ಯೌವನ. ಒಮ್ಮೆ ಇಂಥದೇ ಒಂದು ಫೋಟೋವನ್ನು ಮೆಚ್ಚಿ ವರನ ಕಡೆಯವರು ದೂರದ ಊರಿನಿಂದ ಬಂದು ಜಮಖಾನದ ಮೇಲೆ ಕುಳಿತರು. ಕನ್ಯೆಯೇ ಸ್ವತಃ ಉಪ್ಪಿಟ್ಟು ಕೇಸರಿಭಾತುಗಳನ್ನು ತಂದಿಟ್ಟಳು. ಅವೆರಡನ್ನೂ ಪೂರೈಸಿದ ಬಳಿಕ ಹಿರಿಯರೊಬ್ಬರು ಕೈಯೊರಸಿಕೊಂಡು, "ಸರಿ, ಹೊತ್ತಾಯಿತು, ಇನ್ನು ಹುಡುಗೀನ ಕರೀರಿ" ಎಂದರಂತೆ. ಕನ್ಯಾಪಿತೃಗಳು ಮರುದಿನ ಸ್ಟುಡಿಯೋ ಮೆಟ್ಟಿಲನ್ನು ಹತ್ತಿಬಂದು ಕೂಗಾಡಿದಾಗ ರಾಯರು ಲೇಶವೂ ವಿಚಲಿತರಾಗಲಿಲ್ಲ. "ನಾನೇನು ಸುಳ್ಳು ಬರೆದೆನೆ ಸ್ವಾಮಿ? ಒಂದು ವಾರ ಚೆನ್ನಾಗಿ ನಿದ್ದೆಮಾಡಿ, ಮನೇಲಿ ಯಾರೂ ಬೈಯದೆ ಇದ್ದರೆ ನಿಮ್ಮ ಮಗಳು ಹಾಗೇ ಕಾಣ್ತಾಳೆ. ಬೇಕಾದರೆ ಮಾಡಿ ನೋಡಿ" ಎಂದರು. ಇದಕ್ಕೆ ತಂದೆಯ ಬಳಿ ಉತ್ತರವಿರಲಿಲ್ಲ. ನನ್ನ ಬಳಿಯೂ ಇಲ್ಲ.

ಅವರ ವಿದ್ಯೆಯ ಪರಾಕಾಷ್ಠೆಯನ್ನು ನೋಡಬೇಕಾದರೆ ಮಾತ್ರ ಮಲ್ಲಿಗೆಯ ಕಾಲದಲ್ಲಿ, ಮೊಗ್ಗಿನ ಜಡೆಯ ದಿನ ಹೋಗಬೇಕು. ಬೆಳಗಿನಿಂದ ಸೋದರತ್ತೆಯೋ ಅಜ್ಜಿಯೋ ಮಗುವನ್ನು ಕೂಡಿಸಿಕೊಂಡು ಜಡೆಯುದ್ದಕ್ಕೂ ಮೊಗ್ಗುಗಳನ್ನು ಹೊಲಿದು ಮುಗಿಸುವ ವೇಳೆಗೆ ಮಗುವಿನ ಕತ್ತು ಸೋತಿರುತ್ತದೆ. ಮೊಗ್ಗು ಅರಳುವುದರೊಳಗೆ ಫೋಟೋ ಆಗಬೇಕೆಂಬ ಅವಸರ ಬೇರೆ. ಮುಖ ಕಂಡರೆ ಜಡೆ ಕಾಣದು, ಜಡೆ ಕಂಡರೆ ಮುಖ ಕಾಣದು ಎಂಬ ಈ ಸಮಸ್ಯೆಗೆ ನಮ್ಮ ನಾಡಿನ ಸ್ಟುಡಿಯೋಗಳು ಕಂಡುಕೊಂಡ ಪರಿಹಾರವೆಂದರೆ ಬೆನ್ನಹಿಂದೆ ಓರೆಯಾಗಿ ನಿಲ್ಲಿಸುವ ನಿಲುವುಗನ್ನಡಿ. ಕನ್ನಡಿಯಲ್ಲಿ ಜಡೆ ಬೀಳಬೇಕು, ಕ್ಯಾಮರಾ ಬೀಳಕೂಡದು, ಬಾಗಿಲಲ್ಲಿ ನಿಂತ ಬಂಧುಬಳಗವೂ ಬೀಳಕೂಡದು. ರಾಯರು ಕನ್ನಡಿಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ, ಬಟ್ಟೆಯೊಳಗೆ ಹೋಗುತ್ತಾರೆ, ಬರುತ್ತಾರೆ, ಮತ್ತೆ ಸರಿಸುತ್ತಾರೆ.

"ರಾಯರೇ, ಡಾಬು ಬೀಳುತ್ತೋ?"

"ಬೀಳುತ್ತೆ, ತಾಯಿ."

"ವಂಕಿ? ಜಡೆಕುಚ್ಚು?"

"ವಂಕಿ ಎದುರಿಗೆ, ಕುಚ್ಚು ಕನ್ನಡೀಲಿ."

"ಮಗು ಮುಖ?"

"ಅಳು ನಿಲ್ಲಿಸಿದರೆ ಅದೂ ಬೀಳುತ್ತೆ."

ಆಗ ಅವರು ಬಟ್ಟೆಯೊಳಗಿನಿಂದಲೇ ಬೆಕ್ಕು ಕೂಗಿದ ಸದ್ದು ಮಾಡುತ್ತಾರೆ. ಮಗು ಬೆಕ್ಕನ್ನು ಹುಡುಕುತ್ತ ಅಳುವನ್ನು ಮರೆತ ಆ ನಿಮಿಷಾರ್ಧದಲ್ಲಿ ಮುಚ್ಚಳ ತೆಗೆದು ಹಾಕಿ ಆಗಿರುತ್ತದೆ. ನಮ್ಮ ಸೀಮೆಯ ಹೆಂಗಸರ ಬಾಲ್ಯದ ಫೋಟೋಗಳಲ್ಲಿ ಬೆರಗುಗಣ್ಣು ಅಷ್ಟು ಸಾಮಾನ್ಯವಾಗಿರುವುದಕ್ಕೆ ಈ ಅದೃಶ್ಯ ಮಾರ್ಜಾಲವೇ ಕಾರಣ.

ಲಗ್ನದ ತಿಂಗಳುಗಳಲ್ಲಿ ರಾಯರು ಊರಿನಲ್ಲಿರುವುದಿಲ್ಲ. ಟ್ರಂಕನ್ನು ಬಸ್ಸಿನ ಟಾಪಿನ ಮೇಲೆ ಹಾಕಲು ಒಪ್ಪದೆ ತೊಡೆಯ ಮೇಲಿಟ್ಟುಕೊಂಡು, ಮುಕ್ಕಾಲಿಯನ್ನು ಎರಡು ಸೀಟುಗಳ ನಡುವೆ ತೂರಿಸಿ, "ಈ ಏಣಿಗೆ ಲಗೇಜ್ ಆಗುತ್ತೆ" ಎನ್ನುವ ಕಂಡಕ್ಟರನೊಡನೆ ದಾರಿಯುದ್ದಕ್ಕೂ ವಾದಿಸುತ್ತ ಮದುವೆಯ ಮನೆಗೆ ಮುಟ್ಟುತ್ತಾರೆ. ಅಲ್ಲಿ ಅವರಿಗೆ ಪ್ರತಿಸ್ಪರ್ಧಿ ಪುರೋಹಿತರು. ಮಾಂಗಲ್ಯಧಾರಣೆಯ ಘಳಿಗೆಯಲ್ಲಿ ವಾದ್ಯ ಮೊಳಗಿ, ಅಕ್ಷತೆ ಹಾರಿ, ಎಲ್ಲರೂ ಎದ್ದು ಮುನ್ನುಗ್ಗಿದಾಗ ರಾಯರ ಕಣ್ಣಿಗೆ ಬೀಳುವುದು ಬೀಗರ ಬೆನ್ನುಗಳು ಮಾತ್ರ. "ಶಾಸ್ತ್ರಿಗಳೇ, ಒಂದು ನಿಮಿಷ ತಡೀರಿ!" "ಮುಹೂರ್ತ ನಿಮ್ಮ ಸ್ಟುಡಿಯೋ ಏನಯ್ಯಾ, ತಡೆಯೋಕೆ?" ಗಲಾಟೆಯಡಗಿದ ಮೇಲೆ ವರನು ಕಟ್ಟಿದ ತಾಳಿಯನ್ನೇ ಕೈಯಲ್ಲಿ ಹಿಡಿದು ಕಟ್ಟುವವನ ಹಾಗೆ ಮತ್ತೊಮ್ಮೆ ನಟಿಸಬೇಕಾಗುತ್ತದೆ. ಶಾಸ್ತ್ರದ ಪ್ರಕಾರ ಮೊದಲನೆಯದು ಮದುವೆ. ಆದರೆ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಮೊಮ್ಮಕ್ಕಳ ಕಾಲದವರೆಗೆ ಉಳಿಯುವುದು ಎರಡನೆಯದು.

ಲಗ್ನಗಳಿಲ್ಲದ ಕಾಲದಲ್ಲಿ ಜಾತ್ರೆಗಳು. ಸಂಕ್ರಾಂತಿಯ ಸುಮಾರಿಗೆ ಚುಂಚನಕಟ್ಟೆಯ ದನಗಳ ಜಾತ್ರೆ, ಅನಂತರ ತಲಕಾಡಿನ ಬಳಿಯ ಮುಡುಕುತೊರೆ, ನಂಜನಗೂಡಿನ ದೊಡ್ಡಜಾತ್ರೆ. 1953ರಲ್ಲಿಯೂ 1967ರಲ್ಲಿಯೂ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋಗಿ ಬೆಟ್ಟದ ಕೆಳಗೇ ಡೇರೆ ಹಾಕಿದ್ದರು. ಮೇಲುಕೋಟೆಯ ವೈರಮುಡಿಯೆಂದರೆ ಮಾತ್ರ ಅವರಿಗೆ ಸಂಕಟ. ಆ ವಜ್ರಕಿರೀಟವನ್ನು ಸ್ವಾಮಿಗೆ ಧರಿಸುವುದು ರಾತ್ರಿಯ ಹೊತ್ತು, ರಾಯರ ಪ್ಲೇಟಿಗೆ ಬೇಕಾದದ್ದು ಹಗಲು. ಹೀಗಾಗಿ ಮರುದಿನ ಬೆಳಗ್ಗೆ ಕಲ್ಯಾಣಿಯ ಮೆಟ್ಟಿಲ ಮೇಲೆ, ನಿದ್ದೆಗೆಟ್ಟ ಭಕ್ತರ ಫೋಟೋ ತೆಗೆದು ಹಿಂದಿರುಗುತ್ತಾರೆ. ಜಾತ್ರೆಯ ಡೇರೆಯಲ್ಲಿ ಬಟ್ಟೆಯ ಮೇಲೆ ಬರೆದ ವಿಮಾನವೊಂದಿದೆ. ಕಿಟಕಿಯಿದ್ದಲ್ಲಿ ತೂತು, ತೂತಿನಲ್ಲಿ ತಲೆ. ರುಮಾಲಿನ ಗೌಡರು ಉತ್ಸಾಹದಿಂದ ಹತ್ತಿದರೂ ಅವರ ಹೆಂಡತಿ, "ನಾನು ಇಮಾನ ಹತ್ತಾಕಿಲ್ಲ, ನೀವೇ ಓಗ್ಬನ್ನಿ" ಎಂದು ಡೇರೆಯ ಗೂಟವನ್ನು ಹಿಡಿದುಕೊಂಡು ನಿಂತದ್ದುಂಟು. ಇನ್ನು ಹೊಸದಾಗಿ ಕೊಂಡ ಹಳ್ಳೀಕಾರ್ ಜೋಡಿಯೊಡನೆ ನಿಲ್ಲುವವರ ಫೋಟೋ. ಆ ಚಿತ್ರಗಳಲ್ಲಿ ಎತ್ತುಗಳು ಯಾವಾಗಲೂ ಸ್ಪಷ್ಟ, ಮಾಲಿಕನೇ ಅಲುಗಾಡಿ ಮಸುಕಾಗಿರುತ್ತಾನೆ. ಆದರೂ ಯಾರೊಬ್ಬರೂ ಹಿಂದಕ್ಕೆ ಕೊಟ್ಟಿಲ್ಲ. ಎತ್ತು ಚೆನ್ನಾಗಿ ಬಂದರೆ ಸಾಕು.

ಹೈಸ್ಕೂಲಿನ ಗ್ರೂಪ್ ಫೋಟೋದ ವಿಷಯವನ್ನು ಬೆಳೆಸುವುದಿಲ್ಲ. ಹೆಡ್ ಮಾಸ್ತರರ ಬಲಗಡೆಯ ಕುರ್ಚಿಯು ಸಂಸ್ಕೃತ ಪಂಡಿತರಿಗೋ ವಿಜ್ಞಾನದ ಅಸಿಸ್ಟೆಂಟರಿಗೋ ಎಂಬ ವಿವಾದದಲ್ಲಿ ಬಿಸಿಲು ಇಳಿದುಹೋಗಿ, ಫೋಟೋ ಮರುದಿನಕ್ಕೆ ಬೀಳುವುದು ವಾಡಿಕೆ ಎಂದಷ್ಟು ಹೇಳಿದರೆ ಸಾಕು.

ಊರಿನಲ್ಲಿ ಯಾರಾದರೂ ತೀರಿಕೊಂಡಾಗ ಮಾತ್ರ ರಾಯರು ಹೆಚ್ಚು ಮಾತನಾಡುವುದಿಲ್ಲ. ಹಳೆಯ ಗ್ರೂಪಿನ ಮೂರನೆಯ ಸಾಲಿನಲ್ಲಿ ಅರ್ಧ ಮರೆಯಾದ ಒಂದು ತಲೆಯನ್ನು ತೋರಿಸಿ, "ಇದೊಂದೇ ಇರೋದು" ಎಂದು ಮಕ್ಕಳು ಕಣ್ಣೀರಿಟ್ಟರೆ, ವೈಕುಂಠ ಸಮಾರಾಧನೆಯ ಹೊತ್ತಿಗೆ ಅದನ್ನು ಹಿಗ್ಗಿಸಿ, ಮರೆಯಾದ ಕಿವಿಯನ್ನು ಬರೆದು, ಕೋಟು ತೊಡಿಸಿ, ಬದುಕಿದ್ದಾಗ ಎಂದೂ ಕಾಣದ ಜರಿಪೇಟವನ್ನು ಆ ತಲೆಗೆ ಇಟ್ಟುಕೊಡುತ್ತಾರೆ. ಅದಕ್ಕೆ ಹಣ ಕೇಳುವುದು ಬಹಳ ದಿನಗಳಾದ ಮೇಲೆ, ಅದೂ ಅರೆಮನಸ್ಸಿನಿಂದ.

ಹಣದ ಪ್ರಸ್ತಾಪ ಬಂತು. ಹೈದರಾಬಾದಿನ ನಿಜಾಮರು ತಮ್ಮ ಆಸ್ಥಾನದ ಫೋಟೋಗ್ರಾಫರ್ ಲಾಲಾ ದೀನ್ ದಯಾಳರಿಗೆ 'ರಾಜಾ ಬಹಾದ್ದೂರ್ ಮುಸವ್ವಿರ್ ಜಂಗ್' ಎಂಬ ಬಿರುದನ್ನಿತ್ತಿದ್ದರು. ನಮ್ಮೂರು ರಾಯರಿಗೆ ಇತ್ತಿರುವ ಬಿರುದು 'ಆ ಫೋಟೋದಯ್ಯ' ಎಂಬುದು. ಪರದೇಶದ ಸಾಮಗ್ರಿಯ ಆಮದಿಗೆ ನಿರ್ಬಂಧ ಬಿದ್ದಂದಿನಿಂದ ಪ್ಲೇಟು ಪೇಪರುಗಳ ಬೆಲೆ ಏರಿತ್ತು. 1967ರಿಂದ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲಂಸ್ ಕಾರ್ಖಾನೆಯಲ್ಲಿ ಸ್ವದೇಶೀ ಫಿಲಂ ತಯಾರಾಗತೊಡಗಿದ್ದೊಂದು ಸಮಾಧಾನವಾಗಿತ್ತು. ಆಗ ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ ಕ್ಯಾಮರಾವನ್ನು ಮನೆಮನೆಯ ಅಳಿಯಂದಿರೂ ಕೊರಳಿಗೆ ಹಾಕಿಕೊಂಡು, ಒಂದು ರೋಲಿಗೆ 12ರಂತೆ ಅತ್ತೆಮಾವಂದಿರ ತಲೆಗಳನ್ನು ಚೌಕಟ್ಟಿನ ಆಚೆಗೆ ಬಿಟ್ಟು ಫೋಟೋ ತೆಗೆಯಲಾರಂಭಿಸಿದ್ದರು. ರಾಯರಿಗೆ ಇದರಿಂದ ಭಯವಿರಲಿಲ್ಲ. ಅವರ ಭಯವೆಲ್ಲ ಬಾಕಿದಾರರದು. ಕಾಲುಭಾಗ ಮುಂಗಡ ಕೊಟ್ಟು, ಬಟ್ಟೆಯ ಮುಂದೆ ಭಂಗಿ ಕೊಟ್ಟು, "ನಾಳೆ ಬಂದು ತಗೊಂಡು ಹೋಗ್ತೀನಿ" ಎಂದು ಇಳಿದುಹೋದವರ ಲಕೋಟೆಗಳು ಬೀರುವಿನಲ್ಲಿ ಮೂರು ಅರೆಗಳನ್ನು ತುಂಬಿವೆ. ಮದುವೆಯಾದ ವಾರ ತೆಗೆಸಿದ ಜೋಡಿಫೋಟೋವನ್ನು ಬಿಡಿಸಿಕೊಳ್ಳದೆ, ಮಗನ ಉಪನಯನದ ಫೋಟೋಕ್ಕೆ ದರ ಕೇಳಲು ಬಂದವರಿದ್ದಾರೆ.

ಇದನ್ನು ಓದುತ್ತಿರುವವರಲ್ಲಿ ಅಂಥವರು ಯಾರಾದರೂ ಇದ್ದರೆ, ದಯವಿಟ್ಟು ಹೋಗಿ ಬಾಕಿ ತೀರಿಸಿ ತಮ್ಮ ತಮ್ಮ ಮುಖಗಳನ್ನು ಬಿಡಿಸಿಕೊಳ್ಳಬೇಕಾಗಿ ಬಿನ್ನಹ. ರಸೀತಿ ಕಳೆದುಹೋಗಿದ್ದರೂ ಅಡ್ಡಿಯಿಲ್ಲ. ಸ್ಟುಡಿಯೋಗೆ ಮಂಗಳವಾರ ರಜ.