ಭಾನುವಾರವೂ ಬಾಯಾರುವ ಮಷೀನು

ಸೋಮವಾರ ಬೆಳಿಗ್ಗೆ ಸ್ಟೋರಿನ ರಾಯರು ಇಂಡೆಂಟ್ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಯ ಲ್ಯಾಬಿಗೆ ಬಂದರು. ಇಡೀ ಆಸ್ಪತ್ರೆ ‘ಲ್ಯಾಬಕ್ಕ’ ಎಂದೇ ಕರೆಯುವ ಹಿರಿಯ ಟೆಕ್ನೀಷಿಯನ್ ಆಗ ಬ್ಲಡ್ ಗ್ಯಾಸ್ ಮಷೀನಿನ ಮೂತಿಗೆ ಅಂಟಿದ ರಕ್ತ ಒರೆಸುತ್ತಿದ್ದರು.

“ನಿನ್ನೆ ಒಂದೂ ಸ್ಯಾಂಪಲ್ ಬಂದಿಲ್ಲ. ದ್ರಾವಣ ಮಾತ್ರ ಇಳಿದಿದೆ. ಕುಡಿದೋರು ಯಾರು?”

“ಮಷೀನೇ, ರಾಯರೇ. ರೋಗಿ ಬರಲಿ ಬಿಡಲಿ, ಆಗಾಗ ಕ್ಯಾಲಿಬ್ರೇಟ್ ಮಾಡ್ಕೊಳ್ತಾನೇ ಇರುತ್ತೆ.”

“ಶನಿವಾರ ಸಂಜೆ ಸ್ವಿಚ್ ಆರಿಸಿ ಹೋಗಬಾರದೇನಮ್ಮ?”

“ಒಳಗೆ 37 ಡಿಗ್ರಿ ಶಾಖ ಇರಬೇಕು, ಮೈಯೊಳಗಿನ ಹಾಗೇ. ಆರಿಸಿದ್ರೆ ಮತ್ತೆ ಬಿಸಿಯಾಗಿ, ಎಲೆಕ್ಟ್ರೋಡು ಹದಕ್ಕೆ ಬರೋವರೆಗೆ ಕಾಯಬೇಕು. ರಾತ್ರಿ ಉಸಿರಿಗೆ ಒದ್ದಾಡ್ತಾ ಬಂದವರಿಗೆ ‘ಸ್ವಲ್ಪ ತಡ್ಕೊಳ್ಳಿ’ ಅಂತ ನೀವೇ ಹೇಳ್ತೀರಾ?”

ರಾಯರು ಮುಂದಿನ ಸಾಲಿಗೆ ಬೆರಳಿಟ್ಟರು. “ಈ ಗುಣಮಟ್ಟ ಪರೀಕ್ಷೆಯ ಆಂಪುಲ್‌ಗಳು? ಉತ್ತರ ಪೆಟ್ಟಿಗೆಯೊಳಗಿನ ಹಾಳೆಯಲ್ಲೇ ಅಚ್ಚಾಗಿದೆ! ಗೊತ್ತಿರೋದನ್ನ ಕೇಳೋಕೆ ದಿನಾ ದುಡ್ಡಾ?”

“ಉತ್ತರ ನಮಗೆ ಗೊತ್ತಿದ್ರೇನೇ ಮಷೀನ್ ಸುಳ್ಳು ಹೇಳಿದಾಗ ಸಿಕ್ಕಿಬೀಳೋದು.”

ಈ ಸುಳ್ಳಿನ ಮಾತು ಚಾಡಿಯಲ್ಲ. ಅಪಧಮನಿ ರಕ್ತದ ಪಿಎಚ್ 7.35ರಿಂದ 7.45ರೊಳಗೆ ಇರಬೇಕು, ಎಲೆಕ್ಟ್ರೋಡಿನ ಮೇಲೆ ರಕ್ತದ ಪ್ರೊಟೀನು ಪದರಗಟ್ಟಿದರೂ ಯಂತ್ರ ಅಷ್ಟೇ ಠೀವಿಯಿಂದ ಎರಡು ದಶಾಂಶದ ಅಂಕಿ ಮುದ್ರಿಸಿ ಕೊಡಬಲ್ಲದು. ಅದಕ್ಕೇ ಹಲವು ಮಾದರಿಗಳಲ್ಲಿ ಹೈಪೋಕ್ಲೋರೈಟ್ ದ್ರಾವಣ ಹಾಯಿಸಿ ಪ್ರೊಟೀನು ತೊಳೆದು, ಮತ್ತೆ ಕ್ಯಾಲಿಬ್ರೇಟ್ ಮಾಡುವುದು. ರಕ್ತದ ಅಂಕಿ ವೈದ್ಯರನ್ನೇ ದಾರಿ ತಪ್ಪಿಸಿದ್ದೂ ಉಂಟು: 1952ರ ಕೋಪನ್‌ಹೇಗನ್ ಪೋಲಿಯೊ ಹಾವಳಿಯಲ್ಲಿ ರೋಗಿಗಳ ರಕ್ತದಲ್ಲಿ ಬೈಕಾರ್ಬನೇಟ್ ಏರಿದ್ದನ್ನು ಕಂಡ ವೈದ್ಯರು ಕ್ಷಾರ ಹೆಚ್ಚಾಗಿದೆ ಎಂದುಕೊಂಡಿದ್ದರು. ನಿಜಕ್ಕೂ ಉಸಿರಾಟ ಸಾಲದೆ ಇಂಗಾಲದ ಡೈಆಕ್ಸೈಡ್ ಒಳಗೇ ಉಳಿದಿತ್ತು, ರಕ್ತ ಆಮ್ಲವಾಗಿತ್ತು. ಅರಿವಳಿಕೆ ತಜ್ಞ ಬಿಯೋರ್ನ್ ಇಬ್ಸೆನ್ ಅದನ್ನು ತೋರಿಸಿಕೊಟ್ಟ ಮೇಲೆ ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ಕೈಯಿಂದ ಚೀಲ ಒತ್ತಿ ಉಸಿರು ಕೊಟ್ಟರು.

ಅಷ್ಟರಲ್ಲಿ ವಾರ್ಡ್‌ಬಾಯ್ ಸಿರಿಂಜು ಹಿಡಿದು ಬಂದ. ಲ್ಯಾಬಕ್ಕ ಅದನ್ನು ಬೆಳಕಿಗೆ ಎತ್ತಿ ಹಿಡಿದರು.

“ಗುಳ್ಳೆ ಇದೆಯಲ್ಲೋ!”

“ಚಿಕ್ಕದೇ ಅಕ್ಕ.”

“ಗಾಳಿಯಲ್ಲಿ ಆಕ್ಸಿಜನ್ ಒತ್ತಡ 150ರ ಹತ್ತಿರ. ರಕ್ತದಲ್ಲಿ 60 ಇದ್ರೆ ಗುಳ್ಳೆ ಅದನ್ನ ಮೇಲಕ್ಕೆಳೆಯುತ್ತೆ. ಪಾಪ, ರೋಗಿ ಏದುಸಿರು ಬಿಡ್ತಿರ್ತಾನೆ, ಕಾಗದದಲ್ಲಿ ಮಾತ್ರ ಗುಣವಾಗಿರ್ತಾನೆ. ತೆಗೆದು ಎಷ್ಟು ಹೊತ್ತಾಯ್ತು?”

“ಅರ್ಧ ಗಂಟೆ ಮೇಲಾಯ್ತೇನೋ. ಕ್ಯಾಂಟೀನ್ ಹತ್ರ ನಿಂತಿದ್ದೆ.”

“ನೀನು ಟೀ ಕುಡೀತಿದ್ದಾಗ ಒಳಗಿನ ರಕ್ತಕಣಗಳು ಆಕ್ಸಿಜನ್ ಕುಡೀತಿದ್ವು. ಸಾಲದ್ದಕ್ಕೆ ಸಿರಿಂಜನ್ನ ಅಂಗೈಯಲ್ಲಿ ಉರುಳಿಸಿಲ್ಲ, ಹೆಪಾರಿನ್ ಬೆರೆತಿಲ್ಲ. ನೋಡು, ಹೆಪ್ಪು! ಇದು ಮಷೀನಿನ ನಾಳಕ್ಕೆ ಸಿಕ್ಕಿಕೊಂಡ್ರೆ ಇವತ್ತಿನ ಕೆಲಸವೆಲ್ಲ ನಿಂತ ಹಾಗೆ. ಓಡು, ಸಿಸ್ಟರ್‌ಗೆ ಹೇಳು, ಹೊಸದಾಗಿ ತೆಗೀಲಿ.”

ರಾಯರು ಕನ್ನಡಕ ಏರಿಸಿ ಸಿರಿಂಜಿನೊಳಗೆ ಇಣುಕಿದರು. ಕೆಂಪಗಿನ ಎಳೆಯೊಂದು ತೇಲುತ್ತಿತ್ತು.

“ಇದು ಸಿಕ್ಕಿಕೊಂಡು ಎಲೆಕ್ಟ್ರೋಡೇ ಕೆಟ್ಟರೆ ಎಷ್ಟಾಗುತ್ತಮ್ಮ?”

ಅಕ್ಕ ಬೆಲೆ ಹೇಳಿದರು. ರಾಯರು ಸ್ಟೂಲ್ ಎಳೆದುಕೊಂಡು ಕೂತರು.

ಹೈಪೋಕ್ಲೋರೈಟ್, ಕ್ಯಾಲಿಬ್ರೇಷನ್ ದ್ರಾವಣ, ಆಂಪುಲ್ ಎಲ್ಲಕ್ಕೂ ರುಜು ಬಿತ್ತು. ಒರೆಸುವ ಗಾಜ್ ಬಟ್ಟೆಯನ್ನು ಮಾತ್ರ ರಾಯರು ಅರ್ಧಕ್ಕೆ ಇಳಿಸಿದರು.