ಮಿತಿಯನ್ನು ಕುರಿತು ಒಂದು ಬಿನ್ನಹ

ನನಗೆ ಕಾರ್ಡನ್ನು ದಯಪಾಲಿಸಿದ ಬ್ಯಾಂಕಿನ ಸಾಲವಿಭಾಗದ ಅಧಿಕಾರಿ ಮಹೋದಯರ ಸನ್ನಿಧಾನಕ್ಕೆ,

ಉಡುಪಿಗೆ ಸಮೀಪದ ಖಾಸಗಿ ಪ್ರೌಢಶಾಲೆಯೊಂದರ ಕನ್ನಡ ಅಧ್ಯಾಪಕನು ಮಾಡುವ ಅನೇಕ ನಮಸ್ಕಾರಗಳು.

ಕಳೆದ ಶನಿವಾರ ಮಧ್ಯಾಹ್ನ, ಒಂಬತ್ತನೆಯ ತರಗತಿಯ ಉತ್ತರಪತ್ರಿಕೆಗಳ ಕಟ್ಟನ್ನು ಮುಂದಿಟ್ಟುಕೊಂಡು, ಸಂಧಿಗೂ ಸಮಾಸಕ್ಕೂ ಭೇದವರಿಯದ ಬಾಲಕನೊಬ್ಬನಿಗೆ ಅರ್ಧ ಅಂಕವನ್ನಾದರೂ ಕೊಡಬಹುದೆ ಎಂಬ ಧರ್ಮಸಂಕಟದಲ್ಲಿ ನಾನಿದ್ದಾಗ, ತಮ್ಮ ಸಂದೇಶವು ನನ್ನ ಮೊಬೈಲಿನಲ್ಲಿ ಅವತರಿಸಿತು. ನನ್ನ ಕಾರ್ಡಿನ ಮಿತಿಯನ್ನು 48,000 ರೂಪಾಯಿಗಳಿಂದ 1,20,000 ರೂಪಾಯಿಗಳಿಗೆ ಏರಿಸಲು ತಾವು ಸಿದ್ಧರಿರುವುದಾಗಿಯೂ, ‘ಎಸ್’ ಎಂದು ನಾನು ಮರಳಿ ಕಳುಹಿಸುವುದೊಂದೇ ಬಾಕಿಯಿರುವುದಾಗಿಯೂ ಅದರಲ್ಲಿತ್ತು. ಎಲ್ಲಕ್ಕೂ ಮೊದಲು ಅಭಿನಂದನೆಯಿತ್ತು. ಹದಿನೇಳು ವರ್ಷ ಪಾಠ ಹೇಳಿ ತಿಂಗಳಿಗೆ 24,000 ರೂಪಾಯಿಗಳನ್ನು ಕೈಗೆ ಪಡೆಯುವ ನನಗೆ ನಮ್ಮ ಆಡಳಿತ ಮಂಡಳಿಯಿಂದ ಇದುವರೆಗೆ ದೊರೆಯದ ಅಭಿನಂದನೆಯು, ನನ್ನ ಮುಖವನ್ನೇ ಕಾಣದ ತಮ್ಮಿಂದ ದೊರೆತುದಕ್ಕೆ ಹೃದಯ ತುಂಬಿ ಬಂತು. ಆದರೆ ಕರ್ತೃ ಯಾರು, ಕರ್ಮ ಯಾರದು ಎಂದು ವಿಂಗಡಿಸದೆ ವಾಕ್ಯವನ್ನು ಒಪ್ಪಿಕೊಳ್ಳುವುದು ವ್ಯಾಕರಣ ಕಲಿಸುವವನಿಗೆ ಸಲ್ಲದ ಕೆಲಸವಾದುದರಿಂದ, ಒಂದು ಶಬ್ದದ ಉತ್ತರಕ್ಕೆ ಬದಲಾಗಿ ಈ ದೀರ್ಘಪತ್ರವನ್ನು ಬರೆಯಬೇಕಾಯಿತು.

ತಮ್ಮ ಪರಿಚಯಕ್ಕೆ ಮುನ್ನ ನಾನು ಯಾರಲ್ಲಿಯೂ ಬಡ್ಡಿಯ ಸಾಲವನ್ನು ಮಾಡಿದವನಲ್ಲ. ಇದನ್ನು ಸದ್ಗುಣವೆಂದು ತಿಳಿದು, ಕಾರ್ಡಿಗೆ ಮೊದಲ ಅರ್ಜಿಯನ್ನು ಬರೆದಾಗ ಮನಸ್ಸಿನಲ್ಲಿಯೇ ಸ್ವಲ್ಪ ಬೀಗಿದ್ದುಂಟು. ಸಿಬಿಲ್ ಎಂಬ ಸಂಸ್ಥೆಯು ಸಾಲಗಾರರಿಗೆ 300ರಿಂದ 900ರವರೆಗೆ ಅಂಕಗಳನ್ನು ಕೊಡುವುದೆಂದೂ, ಪಡೆದ ಸಾಲವನ್ನು ಮುಳುಗಿಸಿದವನಿಗೂ 300ಕ್ಕೆ ಕಡಿಮೆ ಬೀಳದೆಂದೂ ತಮ್ಮ ಕಚೇರಿಯ ತರುಣರು ತಿಳಿಸಿದಾಗ, ಇಷ್ಟು ಉದಾರವಾದ ಮೌಲ್ಯಮಾಪನವು ನಮ್ಮ ಪರೀಕ್ಷಾ ಮಂಡಳಿಯಲ್ಲಿಯೂ ಇಲ್ಲವಲ್ಲ ಎಂದು ಬೆರಗಾದೆ. ಬಳಿಕ ಅವರು ನನ್ನ ಅಂಕವನ್ನು ಓದಿ ಹೇಳಿದರು: ಮೈನಸ್ ಒಂದು, ಸಾಲದ ಚರಿತ್ರೆಯೇ ಇಲ್ಲದವರಿಗೆ ಕೊಡುವ ಗುರುತು ಅದಂತೆ. ನಮ್ಮ ಗಣಿತದ ಅಧ್ಯಾಪಕರ ಭಾಷೆಯಲ್ಲಿ ಅದು ಋಣ ಒಂದು. ಋಣವೇ ಇಲ್ಲದವನಿಗೆ ಋಣಸಂಖ್ಯೆಯನ್ನು ಅನುಗ್ರಹಿಸಿದ ಈ ಚಮತ್ಕಾರದ ಮುಂದೆ ನಾನು ಕಲಿಸುವ ಶ್ಲೇಷಾಲಂಕಾರದ ಉದಾಹರಣೆಗಳೆಲ್ಲ ಸಪ್ಪೆಯೆನಿಸಿದುವು. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರನ್ನು ಹೊತ್ತೇ ಮನುಷ್ಯನು ಹುಟ್ಟುತ್ತಾನೆಂದು ಶಾಸ್ತ್ರಕಾರರು ಹೇಳಿದರು. ಆ ಮೂರರಲ್ಲಿ ಒಂದಕ್ಕೂ ಮಾಸಿಕ ಕಂತಿಲ್ಲವಾದ ಕಾರಣ ತಮ್ಮ ಗಣನೆಗೆ ಬಾರವು.

ನನ್ನ ದೈನ್ಯವನ್ನು ನೋಡಲಾರದೆ ಆ ತರುಣರೇ ಒಂದು ಉಪಾಯವನ್ನು ಸೂಚಿಸಿದರು. ನಾನು 20,000 ರೂಪಾಯಿಗಳ ನಿಶ್ಚಿತ ಠೇವಣಿಯನ್ನಿಟ್ಟೆ. ತಾವು ಅದರ ಮೇಲೆ 18,000 ರೂಪಾಯಿ ಮಿತಿಯ ಕಾರ್ಡನ್ನು ಕೊಟ್ಟಿರಿ. ನನ್ನ ಹಣವನ್ನು ನನಗೇ ಸಾಲವಾಗಿ ಕೊಟ್ಟು, ನಾನು ನಂಬಿಗಸ್ತನೇ ಎಂದು ಪರೀಕ್ಷಿಸಿ, ಎರಡು ವರ್ಷಗಳ ತರುವಾಯ ತೃಪ್ತರಾಗಿ ಈಗಿನ ಕಾರ್ಡಿಗೆ ಬಡ್ತಿಯನ್ನಿತ್ತಿರಿ. ನನ್ನಂತಹ ಅಲ್ಪವೇತನದ ಬಂಧುಗಳ ಉಪಯೋಗಾರ್ಥವಾಗಿ ಇಲ್ಲೊಂದು ಮಾತನ್ನು ಸೇರಿಸುತ್ತೇನೆ: ಎರಡು ಅಥವಾ ಮೂರು ತಿಂಗಳ ಸಂಬಳದಷ್ಟು ಮಿತಿಯನ್ನು ನಿರೀಕ್ಷಿಸುವುದು ಲೋಕರೂಢಿ, ಮೊದಲನೆಯ ಕಾರ್ಡಾದರೆ ಅದಕ್ಕಿಂತಲೂ ಕಡಿಮೆ, ಸ್ಕೂಟರಿನ ಕಂತು ತಿಂಗಳು ತಿಂಗಳು ಕಡಿತವಾಗುತ್ತಿದ್ದರೆ ಇನ್ನೂ ಕಡಿಮೆ. ಅಷ್ಟು ದೊರೆತರೂ ಅದರಲ್ಲಿ ಶೇಕಡಾ 30ನ್ನು ಮೀರದಂತೆ ಬಳಸಿದರೇ ಅಂಕಕ್ಕೆ ಕ್ಷೇಮವೆಂದು ತಿಳಿದವರು ಉಪದೇಶಿಸುತ್ತಾರೆ. ನನ್ನ ಮಿತಿ 48,000. ನನ್ನ ಕ್ಷೇಮ 14,400. ಹಾಸಿಗೆಯಿದ್ದಷ್ಟು ಕಾಲು ಚಾಚೆಂದು ಹಿರಿಯರು ಹೇಳಿಹೋದರು. ಹಾಸಿಗೆಯನ್ನು ಅಗಲವಾಗಿ ಹಾಸಿ, ಅದರ ಒಂದು ಮೂಲೆಯಲ್ಲಿ ಮುದುಡಿ ಮಲಗಿದವನೇ ಸಂಭಾವಿತನೆಂಬುದು ತಮ್ಮ ಪರಿಷ್ಕೃತ ಪಾಠ.

ನಾಲ್ಕು ವರ್ಷಗಳ ಕಾಲ ನಾನು ಹಾಗೆ ಮುದುಡಿಯೇ ಮಲಗಿದ್ದೆ. ಪ್ರತಿ ತಿಂಗಳೂ ಬಿಲ್ಲಿನ ಪೂರ್ಣ ಮೊತ್ತವನ್ನು ಗಡುವಿಗೆ ಮೂರು ದಿನ ಮುಂಚೆಯೇ ಕಟ್ಟುತ್ತಿದ್ದೆ. ಆ ಅವಧಿಯಲ್ಲಿ ತಮ್ಮಿಂದ ಒಂದು ಅಭಿನಂದನೆಯೂ ಬರಲಿಲ್ಲ. ಕಳೆದ ಚೈತ್ರದಲ್ಲಿ ನನ್ನ ತಾಯಿಯವರ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ 40,000 ರೂಪಾಯಿಗಳನ್ನು ಕಾರ್ಡಿನಿಂದಲೇ ತೆತ್ತೆ. ಬಿಲ್ಲು ಬಂದಾಗ ‘ಕನಿಷ್ಠ ಪಾವತಿ 2,000’ ಎಂಬ ದಯಾರ್ದ್ರವಾದ ಸಾಲು ಕಣ್ಣಿಗೆ ಬಿತ್ತು. ಅಷ್ಟನ್ನೇ ಕಟ್ಟಿ ನಿಟ್ಟುಸಿರಿಟ್ಟೆ. ಮುಂದಿನ ಬಿಲ್ಲು ಬಂದ ರಾತ್ರಿ ಕೆಂಪು ಶಾಯಿಯ ಲೇಖನಿಯಿಂದಲೇ ಲೆಕ್ಕ ಹಾಕಿದೆ. ತಿಂಗಳಿಗೆ ಶೇಕಡಾ 3.5ರಂತೆ, ಅಂದರೆ ವರ್ಷಕ್ಕೆ 42ರಂತೆ, ನಲವತ್ತು ಸಾವಿರಕ್ಕೆ ಒಂದು ತಿಂಗಳ ಬಡ್ಡಿ 1,400 ರೂಪಾಯಿ. ಆ ಬಡ್ಡಿಯ ಮೇಲೆ ಶೇಕಡಾ 18ರ ಜಿಎಸ್‌ಟಿ 252 ರೂಪಾಯಿ. ನಾನು ಕಟ್ಟುವ ಎರಡು ಸಾವಿರದಲ್ಲಿ ಇವೆರಡೂ ಕಳೆದರೆ ಅಸಲಿಗೆ ಸಲ್ಲುವುದು 348 ರೂಪಾಯಿ ಮಾತ್ರ. ತಾಯಿಯವರ ಪೊರೆಯನ್ನು ವೈದ್ಯರು ಅರ್ಧ ಗಂಟೆಯಲ್ಲಿ ತೆಗೆದರು. ನನ್ನದನ್ನು ತೆಗೆಯಲು ತಮ್ಮ ಬಿಲ್ಲೇ ಬೇಕಾಯಿತು. ಬಾಕಿಯನ್ನುಳಿಸಿದವನಿಗೆ ಹೊಸ ಖರೀದಿಯ ಮೇಲೂ ಬಡ್ಡಿರಹಿತ ದಿನಗಳು ಲಭಿಸವೆಂಬ ನಿಯಮವು, ಆ ತಿಂಗಳು ಕೊಂಡ ಅಕ್ಕಿಯ ಮೂಟೆಗೂ ಬಡ್ಡಿ ಬಿದ್ದಾಗ ತಿಳಿಯಿತು. ಹೀಗೆ ಮೂರು ತಿಂಗಳು ನಾನು ಕನಿಷ್ಠನಾಗಿ ಬಾಳಿದ ಮೇಲೆಯೇ ತಮ್ಮ ಅಭಿನಂದನೆಯು ಬಂದುದರಿಂದ, ವಾಕ್ಯದ ಕರ್ತೃವೂ ಕರ್ಮವೂ ನನಗೆ ಸ್ಪಷ್ಟವಾದುವು.

ಮಹಾಶಯರೇ, ನನಗೆ ಇನ್ನೊಂದು ಮಿತಿಯೂ ಉಂಟು. ಅದು ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ, ಸೆಣಬಿನ ದಾರದಿಂದ ಮೊಳೆಗೆ ನೇತುಹಾಕಿದ ಉದ್ದನೆಯ ಕಡದ ಪುಸ್ತಕದೊಳಗಿದೆ. ಅದರ ಮೊತ್ತವನ್ನು ಎಲ್ಲಿಯೂ ಬರೆದಿಲ್ಲ. ಮಕ್ಕಳ ಹಟಕ್ಕೆ ಮಣಿದು ನಾನು ಬಿಸ್ಕತ್ತಿನ ಪೊಟ್ಟಣಗಳನ್ನು ಎರಡಕ್ಕೆ ನಾಲ್ಕು ಮಾಡಿದ ತಿಂಗಳು, ಅಂಗಡಿಯವರು ಕಿವಿಯ ಸಂದಿನ ಪೆನ್ಸಿಲನ್ನು ತೆಗೆಯುತ್ತ, “ಈ ಸಲ ಸ್ವಲ್ಪ ಮೇಲೆ ಹೋಯಿತಲ್ಲ ಮಾಷ್ಟ್ರೇ” ಎಂದರು, ಅದೇ ಮಿತಿ. ತಾಯಿಯವರು ಆಸ್ಪತ್ರೆಯಲ್ಲಿದ್ದ ವಾರ ಅವರು ಏನನ್ನೂ ಅನ್ನಲಿಲ್ಲ; ಹಳೆಯ ಪುಟವನ್ನು ಮಡಿಚಿ, ಹೊಸ ಪುಟದ ತಲೆಯಲ್ಲಿ ನನ್ನ ಹೆಸರನ್ನು ಬರೆದು, “ಅಮ್ಮ ಹೇಗಿದ್ದಾರೆ?” ಎಂದು ಕೇಳಿದರು. ಅವರ ಮಿತಿಯು ನನ್ನ ಕಷ್ಟವನ್ನು ನೋಡಿ ಹಿಗ್ಗಿತು. ತಮ್ಮದು ನನ್ನ ಕಷ್ಟದ ಫಲವನ್ನು ನೋಡಿ.

ಬ್ಯಾಂಕುಗಳ ಜಾತಿಯೇ ಇಂಥದೆಂದು ನಾನು ಹೇಳಲಾರೆ, ಏಕೆಂದರೆ ನಾನಿರುವುದು ಉಡುಪಿಯ ಸೀಮೆಯಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಪ್ರಸಿದ್ಧವಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಂಸ್ಥೆಯು 1925ರಲ್ಲಿ ಇಲ್ಲಿಯೇ ಹುಟ್ಟಿ, 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯನ್ನು ಉಳಿಸಬಲ್ಲವನ ಮನೆಯ ಬಾಗಿಲಿಗೆ ಬ್ಯಾಂಕಿನ ಪ್ರತಿನಿಧಿಯೇ ನಡೆದು ಬಂದು ಆ ಎರಡಾಣೆಯನ್ನು ಬರೆದುಕೊಂಡು ಹೋಗುತ್ತಿದ್ದ ಕಾಲವದು. ಬಡವನು ಎಷ್ಟು ಉಳಿಸಿಯಾನೆಂದು ಅಂದಿನವರು ಲೆಕ್ಕ ಹಾಕಿದರು. ಬಡವನು ಎಷ್ಟು ಬಾಕಿಯುಳಿಸಿಯಾನೆಂದು ತಾವು ಹಾಕುತ್ತಿದ್ದೀರಿ. ಎರಡರಲ್ಲಿಯೂ ಲೆಕ್ಕ ಚೊಕ್ಕವೇ.

ಇನ್ನು ಉತ್ತರ. ರಿಸರ್ವ್ ಬ್ಯಾಂಕಿನ ನಿರ್ದೇಶನಗಳಂತೆ ನನ್ನ ಸ್ಪಷ್ಟವಾದ ಸಮ್ಮತಿಯಿಲ್ಲದೆ ತಾವು ಮಿತಿಯನ್ನು ಏರಿಸುವಂತಿಲ್ಲ; ಆ ಸಮ್ಮತಿಯನ್ನು ನಾನು ಕೊಡುತ್ತಿಲ್ಲ. ಉಳಿದ ಬಾಕಿಯನ್ನು ಹೆಂಡತಿಯ ಎರಡು ಬಳೆಗಳನ್ನು ಸಹಕಾರಿ ಸಂಘದಲ್ಲಿ ಅಡವಿಟ್ಟು ನಿನ್ನೆಯೇ ಪೂರ್ಣವಾಗಿ ಕಟ್ಟಿದ್ದೇನೆ. ಇದರಿಂದ ತಮಗುಂಟಾಗುವ ನಷ್ಟಕ್ಕೆ ವಿಷಾದಿಸುತ್ತೇನೆ. ಆ ಬಾಲಕನಿಗೆ ಅರ್ಧ ಅಂಕವನ್ನು ಕೊಟ್ಟೆನೆಂಬುದನ್ನೂ ತಿಳಿಸಿಬಿಡುವೆ. ಭೇದವರಿಯಲು ನನಗೇ ನಾಲ್ಕು ವರ್ಷಗಳು ಹಿಡಿದಿರುವಾಗ ಅವನನ್ನು ಹೇಗೆ ದೂರಲಿ?

ಪತ್ರವನ್ನು ಇನ್ನೂ ಬೆಳೆಸುವ ಆಸೆಯಿತ್ತು. ಆದರೆ ಸಂಘದ ಪಿಗ್ಮಿಯವರು ಕೊಡೆಯನ್ನು ಮಡಿಚಿ ಜಗಲಿಯಲ್ಲಿ ನಿಂತಿದ್ದಾರೆ. ಅವರಿಗೆ ಇಂದಿನ ಐವತ್ತು ರೂಪಾಯಿಗಳನ್ನು ಕೊಡಬೇಕಾಗಿದೆ.

ಇಂತಿ,
ಮಿತಿಯೊಳಗಿನ ತಮ್ಮ ವಿಧೇಯ,
ಒಬ್ಬ ಕನ್ನಡ ಮೇಷ್ಟ್ರು