ಒಂಬತ್ತರ ಮೇಲಿನ ಕೆರೆ

ಇಷ್ಟು ಬೇಗ ಬಂದ್ಬಿಟ್ರಾ ರಾಯರೇ? ಕುಕ್ಕರಹಳ್ಳಿ ಕೆರೆಗೆ ಹೋದವರು ಏಳೂವರೆಗೇ ವಾಪಸ್ ಅಂದ್ರೆ ಇಂಟರ್‌ವಲ್‌ಗೇ ಎದ್ದು ಬಂದ ಹಾಗಾಯ್ತು. ಹೆಜ್ಜಾರ್ಲೆ, ನೀರುಕಾಗೆ, ನಾಮದ ಕೋಳಿ ಎಲ್ಲಾ ಕಂಡ್ವಾ? ಸಂತೋಷ. ಬೆಳಗಿನ ಹೊತ್ತು ಹಕ್ಕಿಗಳದ್ದೇ. ಬಿಸಿಲೇರಿ ಅವು ನೆರಳಿಗೆ ಸರಿದ ಮೇಲೆ ಏರೋಪ್ಲೇನ್ ಚಿಟ್ಟೆಗಳ ಪಾಳಿ. ನಾವು ಚಿಕ್ಕವರಿದ್ದಾಗ ಬಾಲಕ್ಕೆ ದಾರ ಕಟ್ಟಿ ಹಾರಿಸ್ತಿದ್ವಲ್ಲ, ಅವೇ. ರೆಕ್ಕೆ ಬುಡದ ಸ್ನಾಯು ಬೆಚ್ಚಗಾಗದೆ ಅವಕ್ಕೆ ಹಾರೋಕಾಗಲ್ಲ. ಅದಕ್ಕೇ ಒಂಬತ್ತರ ಮೇಲೂ ಸ್ವಲ್ಪ ಕೂತು ಬನ್ನಿ ಅಂತ ಹೇಳೋದು ನಾನು.

ಮೊನ್ನೆ ದಡದಲ್ಲಿ ಜೊಂಡಿನ ಒಂದು ಕಡ್ಡಿಗೆ ಏರೋಪ್ಲೇನ್ ಚಿಟ್ಟೆಯ ಮರಿ ಬಿಟ್ಟ ಒಣಗಿದ ಪೊರೆ ಅಂಟ್ಕೊಂಡಿತ್ತು. ಕಂದು ಬಣ್ಣ. ಆರು ಕಾಲೂ ಕಡ್ಡಿಯನ್ನ ಗಟ್ಟಿಯಾಗಿ ಹಿಡಿದೇ ಇವೆ, ಬೆನ್ನು ಮಾತ್ರ ಉದ್ದಕ್ಕೆ ಸೀಳಿದೆ. ಆ ಸೀಳಿನಿಂದ ಸಣ್ಣ ಬಿಳಿ ಎಳೆಗಳು ಹೊರಗೆ ಚಾಚಿದ್ವು. ಮರಿಯ ಉಸಿರಾಟದ ನಳಿಕೆಗಳ ಒಳಪೊರೆ ಅವು, ಅದೂ ಕಳಚಿ ಬರುತ್ತೆ. ಈ ಮರಿ ಬೆಳೆಯೋದೆಲ್ಲ ನೀರಿನೊಳಗೆ. ಕೆಳದುಟಿ ಮುಖದ ಅಡಿಗೆ ಮಡಚಿಕೊಂಡಿರುತ್ತೆ. ಸೊಳ್ಳೆ ಮರಿ ಹತ್ತಿರ ಸುಳೀತೋ, ಸಟ್ಟನೆ ಚಾಚಿ ಹಿಡಿದು ಬಾಯಿಗೆ ಹಾಕ್ಕೊಳ್ಳುತ್ತೆ. ಬೆಳೆದು ದೊಡ್ಡದಾದ ಮೇಲೆ ಯಾವುದಾದರೂ ಕಡ್ಡಿ ಹತ್ತಿ ಬಂದು ಪೊರೆ ಬಿಡಬೇಕು. ಕಡ್ಡಿ ಅಂದ್ನಲ್ಲ, ಅದನ್ನ ನೆನಪಿಟ್ಟುಕೊಳ್ಳಿ, ಮತ್ತೆ ಹೇಳ್ತೀನಿ.

ಹಕ್ಕಿ ನೋಡೋರಿಗೆ ಈ ಹುಳ ಯಾಕೆ ಅಂತೀರಾ? ಕಳ್ಳಿಪೀರ ತಂತಿ ಮೇಲೆ ಕೂತಿರುತ್ತಲ್ಲ, ಅದನ್ನೇ ನೋಡ್ತಾ ನಿಲ್ಲಿ. ಜಿಗಿದು ಗಾಳಿಯಲ್ಲೇ ಏರೋಪ್ಲೇನ್ ಚಿಟ್ಟೆ ಹಿಡಿದು, ಅದೇ ಜಾಗಕ್ಕೆ ಬಂದು, ತಂತಿಗೆ ಪಟಪಟ ಬಡಿದು ನುಂಗುತ್ತೆ. ಕಾಜಾಣವೂ ಹಾಗೇ ಹೊಂಚಿ ಹಾರುತ್ತೆ.

ದಸರಾ ಆಸುಪಾಸಲ್ಲಿ ಮೈದಾನದ ಮೇಲೆ ಹಳದಿ ಮೈಯ ಏರೋಪ್ಲೇನ್ ಚಿಟ್ಟೆಗಳು ಗುಂಪುಗುಂಪಾಗಿ, ಎಲ್ಲೂ ಕೂರದೆ ತೇಲ್ತಾ ಇರ್ತವಲ್ಲ? ಅವುಗಳ ಹೆಸರು ಪ್ಯಾಂಟಲಾ ಫ್ಲಾವೆಸೆನ್ಸ್. ಅವುಗಳ ಕಥೆ ಕೇಳಿದ್ರೆ ನಿಮಗೆ ಮೈ ಜುಮ್ ಅನ್ನುತ್ತೆ. ಮಾಲ್ಡೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಅನ್ನೋ ಸಮುದ್ರಜೀವಿ ವಿಜ್ಞಾನಿ ಪ್ರತಿ ಅಕ್ಟೋಬರ್‌ನಲ್ಲೂ ಇವು ಸಾವಿರಗಟ್ಟಲೆ ಬಂದಿಳಿಯೋದನ್ನ ಗಮನಿಸಿದ್ರು. ಮೊಟ್ಟೆ ಇಡೋಕೆ ಕೆರೆಕಟ್ಟೆ ಸಿಗೋದೇ ಕಷ್ಟವಾದ ಆ ದ್ವೀಪಗಳಿಗೆ ಇವು ಬರೋದಾದ್ರೂ ಯಾಕೆ? ಇವು ಭಾರತದಿಂದ ಹೊರಟು ಗಾಳಿ ಹಿಡಿದು ಪೂರ್ವ ಆಫ್ರಿಕಾಕ್ಕೆ ಸಮುದ್ರ ದಾಟ್ತಿವೆ ಅಂತ 2009ರಲ್ಲಿ ಬರೆದ್ರು. ಹೋಗಿ ಬರೋ ದಾರಿ 14,000ದಿಂದ 18,000 ಕಿಲೋಮೀಟರ್ ಅಂತ ಅವರ ಲೆಕ್ಕ. ಹೋದದ್ದೇ ವಾಪಸ್ ಬರಲ್ಲ ರಾಯರೇ. ಮಳೆ ಬಿದ್ದ ಕಡೆ ಹೊಂಡದಲ್ಲಿ ಮೊಟ್ಟೆ ಇಟ್ಟು, ಮಕ್ಕಳು ಮೊಮ್ಮಕ್ಕಳು ದಾರಿ ಮುಂದುವರಿಸ್ತವೆ. ನಾಗಾಲ್ಯಾಂಡಲ್ಲಿ ಲಕ್ಷಗಟ್ಟಲೆ ತಂಗಿ ಆಫ್ರಿಕಾಕ್ಕೆ ಹೋಗೋ ಅಮುರ್ ಫಾಲ್ಕನ್, ನಮ್ಮ ಚಾತಕ, ಇವೂ ಸಮುದ್ರದ ಮೇಲೆ ಇದೇ ಹುಳಗಳನ್ನ ತಿಂದ್ಕೊಂಡು ಸಾಗ್ತಿರಬೇಕು ಅನ್ನೋದು ಆಂಡರ್ಸನ್ ಅವರ ಊಹೆ. ಅಂಗೈಗಿಂತ ಚಿಕ್ಕ ಜೀವ!

ನೀರಿನ ಗತಿ ಹೇಗಿದೆ ಅಂತಾನೂ ಏರೋಪ್ಲೇನ್ ಚಿಟ್ಟೆಗಳು ತಿಳಿಸ್ತವೆ. ಮೋರಿ ನೀರು ಸೇರೋ ಮೂಲೆಯಲ್ಲಿ ಗಿಡ್ಡನೆಯ ಕಿತ್ತಳೆ ಬಣ್ಣದ ಒಂದು ಜಾತಿ ಕಿಕ್ಕಿರಿದಿರುತ್ತೆ, ಕೊಳೆ ನೀರನ್ನೂ ತಾಳ್ಕೊಳ್ಳೋ ಜಾತಿ ಅದು. ಬರೀ ಅದೊಂದೇ ಕಂಡ್ರೆ ನನಗೆ ಸಂಕಟ ಆಗುತ್ತೆ. ಕೆಂಪು, ನೀಲಿ, ಹಸಿರು ಮೈಯವು, ಕೂತಾಗ ರೆಕ್ಕೆ ಮಡಚಿಕೊಳ್ಳೋ ಸೂಜಿಯಂಥವು ಎಲ್ಲಾ ಒಟ್ಟಿಗೆ ಕಂಡ ದಿನ ಮನೆಗೆ ಬಂದ್ರೂ ಖುಷಿ ಇಳಿಯಲ್ಲ.

ಈಗ ಆ ಕಡ್ಡಿ ವಿಷಯ. ಬರೋ ಭಾನುವಾರ ನಮ್ಮ ಬಡಾವಣೆಯವರು ಕೆರೆ ಸ್ವಚ್ಛತೆಗೆ ಹೋಗ್ತಾರಂತೆ. ಬಾಟಲಿ, ಪ್ಲಾಸ್ಟಿಕ್ಕು ಎತ್ತಲಿ, ನಾನೂ ಬರ್ತೀನಿ. ಆದ್ರೆ ದಡದ ಜೊಂಡನ್ನ ಬೋಳಿಸಿಬಿಟ್ರೆ ನೀರಿನೊಳಗಿನ ಮರಿ ಎಲ್ಲಿ ಹತ್ತಿ ಬರಬೇಕು? ಜಂಬುಕೋಳಿ ಎಲ್ಲಿ ಗೂಡು ಕಟ್ಟಬೇಕು? ಕಳೆ ಅಂತ ಕಿತ್ತುಹಾಕೋಕೆ ಹೊರಟಿರೋದು ಅವುಗಳ ಮನೆ ರೀ. ನಾನೊಬ್ಬಳೇ ಹೇಳಿದ್ರೆ ಯಾರೂ ಕಿವಿಗೆ ಹಾಕ್ಕೊಳ್ಳಲ್ಲ, ನಿಮ್ಮ ಮಾತಿಗೆ ಬೆಲೆ ಇದೆ. ಸಂಜೆ ಮೀಟಿಂಗ್‌ನಲ್ಲಿ ನೀವೇ ಎತ್ತಿ: ಕಸ ತೆಗೀರಿ, ಜೊಂಡಿಗೆ ಕುಡುಗೋಲು ಹಾಕ್ಬೇಡಿ ಅಂತ. ಆರಕ್ಕೆ ಅಂತೆ, ಹೊರಡೋವಾಗ ನನ್ನನ್ನೂ ಕೂಗಿ.